ಭಾವ ತಿದ್ದುತ್ತಿದ್ದ ಫೈಲು

ನಾನು ದೆವ್ವವನ್ನು ನಂಬುವವನಲ್ಲ. ಕಂಪ್ಯೂಟರನ್ನೂ ಅಷ್ಟಾಗಿ ನಂಬುವುದಿಲ್ಲ. ಭಾವ ತೀರಿಕೊಂಡ ದಿನ ಬೆಳಿಗ್ಗೆ ಅಕ್ಕನಿಗೆ ಒಂದು ಇಮೇಲ್ ಕಳಿಸಿದ್ದರು. ಮಗಳಿಗಾಗಿ ಬರೆಯುತ್ತಿದ್ದ ಕಥೆಯ ಕೊನೆಯ ಭಾಗ ಅದರ ಅಟ್ಯಾಚ್‌ಮೆಂಟಿನಲ್ಲಿತ್ತು. ಅದು ತೆರೆಯುತ್ತಿಲ್ಲವೆಂದು ಅಕ್ಕ ನನ್ನನ್ನು ಕರೆಸಿದಳು.

ಮಟಮಟ ಮಧ್ಯಾಹ್ನ. ಭಾವನ ಲ್ಯಾಪ್‌ಟಾಪಿಗೇ ಫೈಲನ್ನು ಇಳಿಸಿಕೊಂಡೆ, ಹೆಸರು ಬದಲಿಸಿದೆ, ರಿಪೇರಿ ಒತ್ತಿದೆ. ಪ್ರತಿಸಲವೂ ಪರದೆಯ ಮೇಲೆ ಒಂದೇ ಮಾತು: ‘ಈ ಫೈಲನ್ನು ಬೇರೊಬ್ಬರು ತಿದ್ದುತ್ತಿದ್ದಾರೆ.’ ಕೆಳಗೆ ಭಾವನ ಹೆಸರು. ಇಂಟರ್ನೆಟ್ ತೆಗೆದುಹಾಕಿದೆ, ಹೆಸರು ಹೋಗಲಿಲ್ಲ. ಕೀಬೋರ್ಡ್ ಬೆಚ್ಚಗಿತ್ತು, ಅದೂ ಅಕ್ಷರಗಳಿರುವ ಕಡೆ ಮಾತ್ರ.

“ಬಲವಂತವಾಗಿ ತೆಗೀಲಾ ಅಕ್ಕಾ?”

“ಬೇಡ ಕಣೋ. ಬರೀತಿರೋವಾಗ ಮಾತಾಡಿಸಿದ್ರೆ ನಿನ್ ಭಾವ ಸಿಡುಕ್ತಾರೆ. ಮುಗಿಸ್ಲಿ ಬಿಡು.”

ನನ್ನನ್ನು ಎಬ್ಬಿಸಿ, ಕುರ್ಚಿಯನ್ನು ಮೇಜಿನಿಂದ ತುಸು ಹಿಂದಕ್ಕೆಳೆದು ಖಾಲಿ ಬಿಟ್ಟಳು.

ಸಂಜೆ ಫೈಲು ತಾನಾಗಿಯೇ ತೆರೆದುಕೊಂಡಿತು. ಅಕ್ಕ ಕೊನೆಯವರೆಗೂ ಓದಿದಳು, ಕಣ್ಣೊರೆಸಿಕೊಂಡು ಮಗಳನ್ನು ಕೂಗಿದಳು. “ಬಾರೇ, ನಿಮ್ಮಪ್ಪ ಕಥೆ ಮುಗಿಸಿದಾರೆ.”

ಭಾವನ ಆ ಇಮೇಲನ್ನು ಅವಳು ನನಗೂ ಕಳಿಸಿದ್ದಳು. ಮರುದಿನ ಆಫೀಸಿನಲ್ಲಿ ಅಟ್ಯಾಚ್‌ಮೆಂಟ್ ಸಲೀಸಾಗಿ ತೆರೆಯಿತು. ಅದರಲ್ಲಿ ಕಥೆ ಅರ್ಧ ವಾಕ್ಯಕ್ಕೇ ನಿಂತಿದೆ.