ಕಿಟಕಿಯಿಲ್ಲದ ಓಣಿ

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಬಂದ ನರ್ಸಮ್ಮನ ಬಲಗೈಗೆ ಹೊಸ ಪ್ಲಾಸ್ಟರ್ ಪಟ್ಟಿಯಿತ್ತು. ಹಿಂದಿನ ದಿನ ಮಧ್ಯಾಹ್ನ ಎರಡೂಕಾಲಿಗೆ, ಆಸ್ಪತ್ರೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ಓಣಿಯಲ್ಲಿ ಯಾರೋ ಹಿಂದಿನಿಂದ ಬಂದು ಕೈಚೀಲ ಕಿತ್ತುಕೊಂಡಿದ್ದರು. ಎಳೆದಾಟದಲ್ಲಿ ಬಿದ್ದು ಮಣಿಕಟ್ಟು ಮುರಿದಿತ್ತು. ತಿಂಗಳೊಳಗೆ ಅದೇ ಓಣಿಯಲ್ಲಿ ಇದು ಮೂರನೆಯದು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್‌ಕಾನ್‌ಸ್ಟೇಬಲನನ್ನು ಕರೆದುಕೊಂಡು ಪಂಚನಾಮೆಗೆ ಹೊರಟರು.

ಓಣಿಯ ಒಂದು ಬದಿಗೆ ಗೋದಾಮಿನ ಗೋಡೆ, ಇನ್ನೊಂದು ಬದಿಗೆ ಹೊಸ ವಸತಿ ಕಟ್ಟಡದ ಬೆನ್ನು. ಆರಂತಸ್ತಿನಲ್ಲಿ ಓಣಿಗೆ ತೆರೆದ ಒಂದು ಕಿಟಕಿಯೂ ಇಲ್ಲ. ನಡುವಿನ ತಿರುವಿನಲ್ಲಿ ನಿಂತರೆ ಎರಡೂ ತುದಿ ಕಾಣದು. ಹಾಡಹಗಲಲ್ಲೇ ಇನ್‌ಸ್ಪೆಕ್ಟರಿಗೆ ತಮ್ಮದೇ ಬೂಟಿನ ಸದ್ದು ಬೇರೆ ಯಾರದೋ ಎಂಬಂತೆ ಕೇಳಿಸಿತು.

“ಮುಂಚೆ ಇಲ್ಲಿ ಸಾಲಾಗಿ ಅಂಗಡಿ ಇದ್ವು ಸಾರ್. ಒಬ್ಬರು ಸೀನಿದ್ರೆ ನಾಲ್ಕು ಜನ ತಿರುಗಿ ನೋಡೋರು,” ಎಂದ ಹೆಡ್‌ಕಾನ್‌ಸ್ಟೇಬಲ್. “ಗೋಡೆಗೂ ಕಿವಿ ಇರುತ್ತೆ ಅಂತಾರೆ. ಈ ಗೋಡೆಗೆ ಅದೂ ಇಲ್ಲ.”

ಸುಳಿವು ಸಿಕ್ಕಿದ್ದು ಆಂಬುಲೆನ್ಸಿನವರ ದಾಖಲೆಯಲ್ಲಿ. ಎರಡೂ ಹತ್ತೊಂಬತ್ತಕ್ಕೆ ಕರೆ ಹೋಗಿತ್ತು. ನರ್ಸಮ್ಮನ ಫೋನು ಚೀಲದ ಜೊತೆಗೇ ಹೋಗಿತ್ತು. ಓಣಿಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ಹಾಗಾದರೆ ಕರೆದವರು ಯಾರು? ನಂಬರು ಆ ವಸತಿ ಕಟ್ಟಡದಲ್ಲೇ ನೆಲಮಹಡಿಯಲ್ಲಿದ್ದ ಒಬ್ಬ ನಿವೃತ್ತ ನಕ್ಷೆಗಾರನದಾಗಿತ್ತು.

ಗುರುವಾರ ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬಾಗಿಲು ತಟ್ಟಿದಾಗ ಆತ ಕಾದಿದ್ದವನಂತೆ ತೆರೆದ. ಮೇಜಿನ ಮೇಲೆ ಮೂರು ಕೈಚೀಲಗಳಿದ್ದವು. ಯಾವುದರ ಜಿಪ್ಪನ್ನೂ ತೆರೆದಿರಲಿಲ್ಲ.

“ಯಾಕೆ ಕಿತ್ಕೊಂಡ್ರಿ?”

ಆತ ನಗರ ಯೋಜನಾ ಕಚೇರಿಯಿಂದ ಎರಡು ತಿಂಗಳ ಹಿಂದೆ ಬಂದ ಪತ್ರವೊಂದನ್ನು ಕೊಟ್ಟ. ಸದರಿ ಓಣಿಯಲ್ಲಿ ಯಾವುದೇ ಅಪರಾಧ ದಾಖಲಾಗಿಲ್ಲವಾದ್ದರಿಂದ ಮಾರ್ಪಾಡಿನ ಅಗತ್ಯ ಕಂಡುಬಂದಿರುವುದಿಲ್ಲ ಎಂದು ಅದರಲ್ಲಿತ್ತು.

ಎರಡು ವರ್ಷದ ಹಿಂದೆ ಅವನ ಹೆಂಡತಿ ಎದೆನೋವು ಬಂದು ಆ ತಿರುವಿನಲ್ಲಿ ಕುಸಿದಿದ್ದಳು. ಮುಕ್ಕಾಲು ಗಂಟೆ ಯಾರೂ ನೋಡಲಿಲ್ಲ; ನೋಡುವಷ್ಟರಲ್ಲಿ ಜೀವ ಹೋಗಿತ್ತು. ಆಮೇಲೆ, ಗೋಡೆಯಲ್ಲಿ ಕಿಟಕಿ ತೆಗೆಸಿ, ಅಂಗಡಿಗಳಿಗೆ ಜಾಗ ಕೊಡಿ ಎಂದು ಆತ ಹನ್ನೊಂದು ಅರ್ಜಿ ಹಾಕಿದ್ದ.

“ಈ ಗೋಡೆ ಆಚೆಗೇ ಬಿದ್ದಿದ್ಲು ಸಾರ್. ನಾನು ಇಲ್ಲಿ ಕೂತು ಯಾಕೆ ಇನ್ನೂ ಬರ್ಲಿಲ್ಲ ಅಂತ ಬೈಕೊಳ್ತಿದ್ದೆ,” ಎಂದ. “ಅಪರಾಧ ಆಗಿಲ್ಲ ಅಂದ್ರು. ಅದಕ್ಕೇ ನಾನೇ ಮಾಡಿದೆ.”

“ಆ ಹೆಣ್ಮಗಳ ಕೈ ಮುರಿದಿದೆ.”

“ಗೊತ್ತು. ಬೀಳ್ತಾರೆ ಅಂದ್ಕೊಂಡಿರ್ಲಿಲ್ಲ. ಅವರು ನರಳಿದ್ದು ಕೇಳಿ ಓಡೋಕಾಗ್ಲಿಲ್ಲ, ತಿರುವಿನಾಚೆ ನಿಂತು ಆಂಬುಲೆನ್ಸಿಗೆ ಫೋನ್ ಮಾಡ್ದೆ.”

ಐದೂ ಇಪ್ಪತ್ತಕ್ಕೆ ದಸ್ತಗಿರಿಯಾಯಿತು. ಮೂರೂ ಚೀಲಗಳನ್ನು ಜಪ್ತಿ ಮಾಡಲಾಯಿತು. ಕೊನೆಗೆ ಇನ್‌ಸ್ಪೆಕ್ಟರ್ ನಿಯಮದಂತೆ, ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕೇಳಿದರು. ಆತನಿಗೆ ಮಕ್ಕಳಿರಲಿಲ್ಲ, ನೆರೆಯವರ ಹೆಸರೂ ಅವನಿಗೆ ತಿಳಿದಿರಲಿಲ್ಲ.

“ಯೋಜನಾ ಕಚೇರಿಗೆ ತಿಳಿಸಿ,” ಎಂದ.

ಇನ್‌ಸ್ಪೆಕ್ಟರ್ ಅದನ್ನೇ ಬರೆದುಕೊಂಡರು.