ಕಮರಿಯ ಮೂರನೆಯ ತಂತಿ

"ಕಮರಿಯ ಆಚೆಗೆ ಮೂರು ತಂತಿ. ಮಳೆ ಹಿಡಿಯೋದರೊಳಗೆ. ಅಷ್ಟೇ ಕೆಲಸ," ಎಂದು ಇಂಜಿನಿಯರಮ್ಮ ನಕ್ಷೆಯನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹರಡಿ, ಹಾರಿಹೋಗದಂತೆ ಮೂಲೆಗಳಿಗೆ ನಟ್ಟುಗಳನ್ನಿಟ್ಟಳು.

"ಅಷ್ಟೇನಾ? ನಾನೇನೋ ಗುಡ್ಡ ಕೀಳೋಕೆ ಕರೆದ್ರಿ ಅಂದ್ಕೊಂಡಿದ್ದೆ," ಎಂದ ಜೇಡ. ಟವರಿನ ಕಂಬಿಗಳ ಮೇಲೆ ಅವನು ಓಡಾಡುವುದನ್ನು ಕಂಡವರು ಇಟ್ಟ ಹೆಸರು ಅದು. ಎರಡು ಮಕ್ಕಳ ತಂದೆ. ಮೇಸ್ತ್ರಿಯ ಹೆಂಡತಿಯ ತಮ್ಮ.

"ನೀನು ಬಾಯಿಂದಲೇ ಗುಡ್ಡ ಕಿತ್ತುಬಿಡ್ತೀಯ. ಬೆಲ್ಟ್ ಸರಿಯಾಗಿ ಕಟ್ಕೋ," ಎಂದ ಮೇಸ್ತ್ರಿ.

ಕಮರಿಯ ಆಚೆಯ ದಿಣ್ಣೆಯ ಮೇಲೆ ಒಂದು ಆಸ್ಪತ್ರೆ, ಅದರ ಸುತ್ತ ಒಂದಿಷ್ಟು ಮನೆ. ಹಳೆಯ ತಂತಿ ಬಿರುಗಾಳಿಗೆ ಹರಿದು ಬಿದ್ದಂದಿನಿಂದ ಅಲ್ಲಿ ಜನರೇಟರಿನ ಬದುಕು. ಅದಕ್ಕೆ ಎಣ್ಣೆ ಹೋಗುತ್ತಿದ್ದುದು ಹೇಸರಗತ್ತೆಗಳ ಬೆನ್ನ ಮೇಲೆ. ಮಳೆ ಬಂದರೆ ಹಾದಿ ಮುಚ್ಚುತ್ತದೆ, ಎಣ್ಣೆಯೂ ನಿಲ್ಲುತ್ತದೆ.

ಈ ಸಲದ ತಂತಿ ಹೊಸ ಬಗೆಯದು. ಹಳೆಯದರ ನಡುವೆ ಉಕ್ಕು ಇರುತ್ತಿತ್ತು. ಇದರ ನಡುವೆ ಇರುವುದು ಕಾರ್ಬನ್ ನಾರಿನ ತಿರುಳು, ಕಿರುಬೆರಳಿನಷ್ಟು ದಪ್ಪದ ಕಪ್ಪು ಸರಳು. ಅದರ ಸುತ್ತ ಮೆತ್ತನೆಯ ಅಲ್ಯೂಮಿನಿಯಂ ಎಳೆಗಳ ಹೊದಿಕೆ. ತೂಕ ಕಡಿಮೆ, ಬಿಸಿಯಾದರೂ ಜೋತುಬೀಳುವುದಿಲ್ಲ, ಹಳೆಯ ಟವರುಗಳೇ ಹೊರುತ್ತವೆ.

"ಆನೆ ಕಟ್ಟಿ ಎಳೆಸಿದ್ರೂ ತಡೆಯುತ್ತೆ," ಎಂದಳು ಇಂಜಿನಿಯರಮ್ಮ. "ಆದರೆ ಬಗ್ಗಿಸಿದ್ರೆ ಮುರಿಯುತ್ತೆ. ಅದೂ ಒಳಗೇ. ಹೊರಗೆ ಏನೂ ಕಾಣಲ್ಲ. ಅದಕ್ಕೇ ಅಗಲದ ರಾಟೆ ತಂದಿರೋದು. ನೆಲಕ್ಕೆ ತಾಗಿಸೋ ಹಾಗಿಲ್ಲ, ಕತ್ತರಿ ಹಾಕೋ ಹಾಗಿಲ್ಲ. ಎಳೆಮಗು ತರ."

"ಮೂವತ್ತು ವರ್ಷದಿಂದ ತಂತಿನೇ ಸಾಕ್ತಿದ್ದೀನಮ್ಮ," ಎಂದು ಮೇಸ್ತ್ರಿ ನಕ್ಕ. "ಬದಲಿಗೆ ಅಂತ ತಂದಿರೋ ನಾಲ್ಕನೇ ಡ್ರಮ್ ತಂತಿ ಇಲ್ಲೇ ಇರಲಿ. ಸುಮ್ಮನೆ ಯಾಕೆ ಗುಡ್ಡ ಹತ್ತಿಸೋದು? ನಾನು ತಂತಿ ಕೆಡಿಸಿದವನಲ್ಲ."

ಇಂಜಿನಿಯರಮ್ಮ ಮೋಡ ನೋಡಿದಳು, ಹಾದಿ ನೋಡಿದಳು, ತಲೆಯಾಡಿಸಿದಳು. ಬದಲಿ ಡ್ರಮ್ಮು ಬೆಟ್ಟದ ಬುಡದ ಶೆಡ್ಡಿನಲ್ಲೇ ಉಳಿಯಿತು.

ಹೊಳೆಯ ಆಚೆ ದಡದವರೆಗೆ ಟ್ರ್ಯಾಕ್ಟರು. ಅಲ್ಲಿಂದ ಮೇಲೆ ಮರದ ಜಾರುಬಂಡಿ, ಕೈವಿಂಚು, ಹಗ್ಗ. ಕಾಡು ಅಲ್ಲಿ ಎಷ್ಟು ದಟ್ಟವೆಂದರೆ ಬಿಸಿಲು ಕೂಡ ಅಪ್ಪಣೆ ಕೇಳಿ ಒಳಗೆ ಬಂದಂತಿತ್ತು. ಪಾಚಿ ಹಿಡಿದ ಬಂಡೆಗಳು, ಬೇರು ಬಿಟ್ಟು ಬಂಡೆಯನ್ನೇ ತಬ್ಬಿಕೊಂಡ ಮರಗಳು, ಎಲ್ಲಿಂದಲೋ ಒಸರುವ ನೀರಿನ ಸದ್ದು. ಮನುಷ್ಯನ ಅವಸರಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಮೇಲೆ ಏರಿದಂತೆ ಮರಗಳು ಕುಳ್ಳಾಗಿ, ಕೊನೆಗೆ ಒಂದು ತಿರುವಿನಲ್ಲಿ ಕಾಡು ಥಟ್ಟನೆ ಮುಗಿದು ಕಮರಿ ಬಾಯ್ದೆರೆಯುತ್ತಿತ್ತು. ಆಳದಲ್ಲಿ ನದಿ ಒಂದು ಬಿಳಿಯ ದಾರ. ಆಚೆ ದಡದ ಟವರು ಬೆಂಕಿಕಡ್ಡಿಯಷ್ಟು. ಮಾತುಗಾರ ಜೇಡನೂ ಆ ಅಂಚಿನಲ್ಲಿ ಹೆಲ್ಮೆಟ್ಟು ತೆಗೆದು ಎದೆಗೊತ್ತಿಕೊಂಡ. ಸೃಷ್ಟಿ ಮಾಡಿದವನ ಕೈಬರಹವನ್ನು ಅಷ್ಟು ಹತ್ತಿರದಿಂದ ಕಂಡಾಗ ಯಾರಿಗೂ ಹಾಗೇ ಆಗುತ್ತದೆ.

ಮೊದಲೆರಡು ತಂತಿಗಳು ಸಲೀಸಾಗಿ ದಾಟಿದವು. ಆಚೆ ದಡದಲ್ಲಿ ಅವಳಿ ಸೋದರರಿಬ್ಬರು ವಿಂಚು ತಿರುಗಿಸಿ ಹಗ್ಗ ಎಳೆಯುವರು. ಹಗ್ಗದ ತುದಿಗೆ ಕಟ್ಟಿದ ತಂತಿ ಈಚೆಯ ಡ್ರಮ್ಮಿನಿಂದ ಬಿಚ್ಚಿಕೊಂಡು ಕಮರಿಯ ಮೇಲೆ ಹೋಗುವುದು. ಡ್ರಮ್ಮಿನ ಬ್ರೇಕು ಟ್ರ್ಯಾಕ್ಟರಿನ ಡ್ರೈವರನ ಕೈಯಲ್ಲಿ. ಅವನ ದನಿ ಪಿಸುಮಾತಿಗಿಂತ ಮೇಲೆ ಏರಿದ್ದೇ ಇಲ್ಲವಾದ್ದರಿಂದ ಎಲ್ಲರೂ ಅವನನ್ನು ಗುಡುಗು ಎನ್ನುತ್ತಿದ್ದರು.

ಮೂರನೆಯ ತಂತಿಯ ಮೂತಿ ಕಮರಿಯ ನಡುವೆ ಇತ್ತು.

"ಬ್ರೇಕ್ ಹಿಡೀತಿಲ್ಲ," ಎಂದ ಗುಡುಗು.

ಯಾರಿಗೂ ಕೇಳಿಸಲಿಲ್ಲ.

"ಬ್ರೇಕ್ ಹೋಯ್ತು!"

ಅವನು ಕಿರುಚಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ಡ್ರಮ್ಮು ಗಿರ್ರನೆ ತಿರುಗಿತು. ತಂತಿ ತನ್ನ ಭಾರಕ್ಕೆ ತಾನೇ ಕಮರಿಗೆ ಧುಮುಕತೊಡಗಿತು. ಟವರಿನ ತೋಳಿನ ಮೇಲಿದ್ದ ಜೇಡ ರಾಟೆಯಿಂದ ಹಿಂದಕ್ಕೆ ಸರಿದು ಕಂಬಿಯನ್ನು ಅಪ್ಪಿಕೊಂಡ.

ಕೆಳಗಿನ ಮರಗಳ ನೆತ್ತಿಗೆ ತಾಗಿ ತಂತಿ ಒಂದು ಕ್ಷಣ ತಡೆಯಿತು. ಡ್ರಮ್ಮು ತಡೆಯಲಿಲ್ಲ. ಸಡಿಲವಾದ ಒಂದು ದೊಡ್ಡ ಸುತ್ತು ನೆಲಕ್ಕೆ ಹಾರಿ ಬಿತ್ತು.

ಮೇಸ್ತ್ರಿ ಯೋಚಿಸಲಿಲ್ಲ. ಅವನ ಕೈ ಯೋಚಿಸಿತು. ಸುತ್ತನ್ನು ಎತ್ತಿ ಪಕ್ಕದ ಮರದ ಮೋಟಿಗೆ ಎಸೆದು ಹಿಂದಕ್ಕೆ ನೆಗೆದ. ತಂತಿ ಬಿಗಿಯಿತು. ಮೋಟು ಕರಕರ ಎಂದಿತು. ನಿಂತಿತು.

ಗುಡುಗು ಓಡಿ ಡ್ರಮ್ಮಿನ ಕಡ್ಡಿಗಳ ನಡುವೆ ಹಾರೆ ತೂರಿಸಿದ. ಮೇಲಿನಿಂದ ಜೇಡ ಕೂಗಿದ: "ಭಾವಾ! ಆ ಕೈಗೆ ಬಂಗಾರದ ಕಡಗ ಹಾಕ್ಬೇಕು!"

"ಮೊದಲು ನಿಮ್ಮಕ್ಕನಿಗೆ ಹೇಳು, ಅವಳು ಹಾಕಿಸಲಿ," ಎಂದ ಮೇಸ್ತ್ರಿ. ಮುಖ ಅರಳಿತ್ತು.

ಇಂಜಿನಿಯರಮ್ಮ ನಗಲಿಲ್ಲ. ಬಂದು ಮೋಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. "ಮೇಸ್ತ್ರಿ, ನಮ್ಮ ರಾಟೆ ಬಂಡಿಚಕ್ರದಷ್ಟು ಅಗಲ ಇದೆ. ಈ ಮೋಟು ಒಂದು ಕೊಡದಷ್ಟಿಲ್ಲ."

ತಂತಿಯನ್ನು ಉದ್ದನೆಯ ಕ್ಲ್ಯಾಂಪಿನಲ್ಲಿ ಕಚ್ಚಿಸಿ ಬಂಡೆಗೆ ಬಿಗಿದು, ಮೋಟಿನ ಸುತ್ತನ್ನು ಬಿಡಿಸಿದರು. ಮೇಸ್ತ್ರಿ ಕೈಗವಸು ಕಳಚಿ, ಸುತ್ತಿದ್ದ ಜಾಗದ ಮೇಲೆ ಬೆರಳಾಡಿಸಿದ. ಹೊಸ ಪಾತ್ರೆಯಂತೆ ನುಣುಪಾಗಿತ್ತು.

"ಎಲ್ಲಿ ಮುರಿದಿದೆ? ತೋರಿಸಮ್ಮ."

"ತೋರಿಸೋಕೆ ಆಗಲ್ಲ. ನನ್ನ ಭಯವೇ ಅದು. ಪೂರ್ತಿ ಎಳೆದ ಮೇಲೆ ಈ ಜಾಗ ಸರಿಯಾಗಿ ನದಿಯ ಮೇಲೆ ಬರುತ್ತೆ. ಕಮರಿ ಮೇಲೆ ಜೋಡಣೆ ಹಾಕೋ ಹಾಗಿಲ್ಲ. ಇಲ್ಲಿ ಕತ್ತರಿಸಿದ್ರೆ ಎರಡು ತುಂಡೂ ಸಾಲಲ್ಲ. ಕೆಳಗಿನ ಡ್ರಮ್ ತರಬೇಕು."

"ಮೋಡ ನೋಡಮ್ಮ!" ಎಂದ ಮೇಸ್ತ್ರಿ. ದನಿ ಏರಿತ್ತು. "ಒಂದು ಸುತ್ತು ಸುತ್ತಿದ್ದಕ್ಕೆ ಹೀಗೆ ಹೆದರಿದ್ರೆ ಹೇಗೆ? ಇಂಥ ನೂರು ತಂತಿ ಮರಕ್ಕೆ ಸುತ್ತಿ ಉಳಿಸಿದ್ದೀನಿ. ಇವತ್ತು ಸುತ್ತದೇ ಇದ್ದಿದ್ರೆ ಅದು ನದೀಲಿ ಬಿದ್ದಿರ್ತಿತ್ತು."

"ಅವು ಉಕ್ಕಿನವು, ಮೇಸ್ತ್ರಿ."

ವಾಕಿಟಾಕಿ ಕರಕರಿಸಿತು. "ಎಳೆಯೋದಾ, ಬಿಡೋದಾ?" ಎಂದ ಅವಳಿಗಳಲ್ಲಿ ಒಬ್ಬ. "ಹೇಳಿದ್ರೆ ಚಹಾನಾದ್ರೂ ಕಾಯಿಸ್ಕೊಳ್ತೀವಿ," ಎಂದ ಇನ್ನೊಬ್ಬ.

ಅಷ್ಟರಲ್ಲಿ ಜೇಡ ಇಳಿದು ಬಂದಿದ್ದ. ಕಲ್ಲಿನ ಮೇಲೆ ಕುಳಿತು ಬೂಟಿನ ದಾರ ಬಿಗಿಯುತ್ತಾ, ತಲೆಯನ್ನೂ ಎತ್ತದೆ ಹೇಳಿದ: "ಯಾಕಮ್ಮ ಇಷ್ಟು ತಲೆಬಿಸಿ? ಕೆಂಪು ಚೆಂಡು ಕಟ್ಟೋಕೆ ಆ ತಂತಿ ಮೇಲೆ ಕೂತು ಹೋಗೋನು ನಾನು. ಭಾವ ಹಿಡಿದು ನಿಲ್ಲಿಸಿದ ತಂತಿ. ಕಣ್ಣು ಮುಚ್ಕೊಂಡು ಹೋಗ್ತೀನಿ."

ವಿಮಾನಗಳಿಗೆ ತಂತಿ ಕಾಣಲೆಂದು ಕಮರಿಯ ಮೇಲೆ ದೊಡ್ಡ ಚೆಂಡುಗಳನ್ನು ತೂಗುಹಾಕಬೇಕು. ತಂತಿಯ ಮೇಲೆ ಉರುಳುವ ಪುಟ್ಟ ತೊಟ್ಟಿಲ ಗಾಡಿಯಲ್ಲಿ ಒಬ್ಬ ಹೋಗಲೇಬೇಕು.

ಮೇಸ್ತ್ರಿ ಅವನ ಕಡೆ ತಿರುಗಿದ. ಜೇಡ ದಾರಕ್ಕೆ ಎರಡನೆಯ ಗಂಟು ಹಾಕುತ್ತಿದ್ದ. ತಂತಿಯನ್ನು ಒಮ್ಮೆ ಮುಟ್ಟಿಯೂ ನೋಡಿರಲಿಲ್ಲ.

"ಗರಗಸ ಕೊಡು," ಎಂದ ಮೇಸ್ತ್ರಿ.

"ಭಾವ?"

"ಕೊಡೋ ಅಂದ್ರೆ."

ಅವನೇ ಕೊಯ್ದ. ಮೋಟಿಗೆ ಸುತ್ತಿದ್ದ ಭಾಗದಿಂದ ಒಂದು ಮಾರು, ಡ್ರಮ್ಮಿನ ಕಡೆಯ ಒಳ್ಳೆಯ ಭಾಗದಿಂದ ಒಂದು ಮಾರು. ಎರಡರ ಎಳೆಗಳನ್ನೂ ಬಿಚ್ಚಿದರು. ಎರಡು ಕಪ್ಪು ಸರಳುಗಳು ಹುಲ್ಲಿನ ಮೇಲೆ ಅಕ್ಕಪಕ್ಕ ಮಲಗಿದವು. ಕಣ್ಣಿಗೆ ಎರಡೂ ಒಂದೇ.

"ಏನೂ ಆಗಿಲ್ವಲ್ಲ," ಎಂದು ಗುಡುಗು ಪಿಸುಗುಟ್ಟಿದ. "ಸುಮ್ಮನೆ ಹಾಳು ಮಾಡಿದ್ವಿ."

ಮೇಸ್ತ್ರಿ ಕೈಗವಸು, ಕನ್ನಡಕ ಹಾಕಿಕೊಂಡ. ಒಳ್ಳೆಯ ಸರಳಿನ ಎರಡು ತುದಿ ಹಿಡಿದು ಮೆಲ್ಲಗೆ ಬಾಗಿಸಿದ. ಅದು ಬಿಲ್ಲಿನಂತೆ ತುಸುವೇ ಬಾಗಿತು. ಕೈ ಸಡಿಲಿಸಿದೊಡನೆ ನೆಟ್ಟಗಾಯಿತು. ಇನ್ನೊಂದನ್ನು ಎತ್ತಿಕೊಂಡ. ಅಷ್ಟೇ ಮೆಲ್ಲಗೆ ಬಾಗಿಸಿದ.

ಟಪ್.

ದೊಡ್ಡ ಸದ್ದೇನಲ್ಲ. ಪಕ್ಕದ ಕೋಣೆಯಲ್ಲಿ ಚಿಲಕ ಬಿದ್ದಷ್ಟು. ಸರಳಿನ ನಡುವೆ ನಾರುಗಳು ಹಳೆಯ ಪೊರಕೆಯಂತೆ ಕೆದರಿಕೊಂಡಿದ್ದವು.

ಜೇಡ ಆ ಎರಡು ತುಂಡುಗಳನ್ನು ನೋಡಿದ, ಕಮರಿ ನೋಡಿದ.

"ಭಾವ, ಇದನ್ನ ಅಕ್ಕನಿಗೆ ಹೇಳ್ಬೇಡಿ."

"ನೀನು ಹೇಳದೇ ಇದ್ರೆ ಸಾಕು, ಪುಣ್ಯಾತ್ಮ," ಎಂದ ಮೇಸ್ತ್ರಿ. ನಂತರ ಇಂಜಿನಿಯರಮ್ಮನ ಕಡೆ ತಿರುಗಿದ. "ಹೊರಡೋಣಮ್ಮ. ಡ್ರಮ್ ತರೋಣ."

"ತಪ್ಪು ನನ್ನದೂ ಇದೆ," ಎಂದಳು ಆಕೆ. "ಕೆಳಗೆ ಬಿಟ್ಟು ಬರೋಕೆ ಒಪ್ಪಿದ್ದು ನಾನು."

ಇಳಿಯುವುದು ಸುಲಭವಾಗಿತ್ತು. ಏರುವುದು ಹಾಗಿರಲಿಲ್ಲ. ಹೊಳೆಯ ನೀರು ಆಗಲೇ ಕೆಂಪಾಗಿತ್ತು. ಮೇಲೆಲ್ಲೋ ಮಳೆ ಬಿದ್ದಿತ್ತು. ಟ್ರ್ಯಾಕ್ಟರು ನೀರಿಗಿಳಿದು ಎರಡು ಸಲ ಕೆಮ್ಮಿ, ಮೂರನೆಯ ಸಲ ಹೇಗೋ ದಾಟಿತು.

"ತಂತಿ ಬಿಚ್ಚಿ ಸಿಂಬಿ ಮಾಡಿ ಹೆಗಲ ಮೇಲೆ ಹೊತ್ತುಬಿಡೋಣ," ಎಂದ ಗುಡುಗು. "ಮೊದಲೆಲ್ಲ ಹಂಗೇ ತಾನೇ ಒಯ್ತಿದ್ದಿದ್ದು?"

ಇಂಜಿನಿಯರಮ್ಮ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದ: "ಹೆಗಲ ಸುತ್ತು ಮೋಟಿನ ಸುತ್ತಿಗಿಂತ ಅಗಲ ಏನಲ್ಲ. ಡ್ರಮ್ ಡ್ರಮ್ಮಾಗೇ ಹೋಗ್ಲಿ. ನಿಂತೇ ಹೋಗ್ಲಿ. ಮಲಗಿಸೋದೂ ಬೇಡ."

ಮರದಿಂದ ಮರಕ್ಕೆ ವಿಂಚು ಕಟ್ಟುತ್ತಾ, ಜಾರುಬಂಡಿಯನ್ನು ಮೊಳ ಮೊಳವಾಗಿ ಮೇಲೆಳೆದರು. ಕೆಸರು ಕಾಲು ಹಿಡಿಯಿತು. ಜಿಗಣೆಗಳು ತಮ್ಮ ಪಾಲು ಪಡೆದವು. ಜೇಡ ಹಾಡುವುದನ್ನು ನಿಲ್ಲಿಸಿದ. ಅವನು ನಿಲ್ಲಿಸಿದ ಎಂದರೆ ಹಾದಿ ಎಂಥದ್ದೆಂದು ತಿಳಿದುಕೊಳ್ಳಬಹುದು.

ಬಂಡೆಯ ಪಕ್ಕದ ಕಿರಿದಾದ ಅಂಚಿನಲ್ಲಿ ಮಣ್ಣು ಕುಸಿಯಿತು.

ಜಾರುಬಂಡಿಯ ಹೊರಗಿನ ಮಗ್ಗುಲು ಗಾಳಿಗೆ ಚಾಚಿತು. ಡ್ರಮ್ಮು ವಾಲಿತು. ವಿಂಚಿನ ಹಲ್ಲು ಕಿರ್ರೆಂದಿತು.

"ಹಗ್ಗ!" ಎಂದು ಕಿರುಚಿದಳು ಇಂಜಿನಿಯರಮ್ಮ.

ಡ್ರಮ್ಮಿನ ನೆತ್ತಿಗೆ ಕಟ್ಟಿದ್ದ ಬಿಡಿಹಗ್ಗದ ತುದಿ ಮೇಸ್ತ್ರಿಯ ಕಾಲಬಳಿ ಹಾವಿನಂತೆ ಓಡುತ್ತಿತ್ತು. ಹಿಡಿದ. ಎದುರಿಗೆ ಒಂದು ಮರ. ಒಂದು ಉಸಿರಿನಷ್ಟು ಹೊತ್ತು ಅವನ ಕೈ ಗಾಳಿಯಲ್ಲೇ ನಿಂತಿತು. ಇದು ಹಗ್ಗ, ಎಂದು ತನಗೆ ತಾನೇ ಹೇಳಿಕೊಂಡ. ಹಗ್ಗ ಬಾಗಲೆಂದೇ ಹುಟ್ಟಿದ್ದು.

ಒಂದು ಸುತ್ತು. ಎರಡು. ಹಗ್ಗ ಮರದ ತೊಗಟೆಯಿಂದ ಹೊಗೆ ಎಬ್ಬಿಸಿ ಬಿಗಿಯಿತು. ಡ್ರಮ್ಮು ಅಂಚಿನಲ್ಲಿ ತೂಗಿ, ತೂಗಿ, ನಿಂತಿತು.

"ಈಗ ಕಡಗ ಹಾಕ್ಬಹುದಾಮ್ಮ?" ಎಂದ ಜೇಡ, ಡ್ರಮ್ಮಿನ ಅಡಿಗೆ ಹಾರೆ ತೂರಿಸುತ್ತಾ.

"ಈಗ ಹಾಕ್ಬಹುದು," ಎಂದಳು ಆಕೆ.

ಮೇಲೆ ತಲುಪಿದ ಮೇಲೆ ಬ್ರೇಕಿಗೆ ಹೊಸ ಪಟ್ಟಿ ಹಾಕಿ, ಅದರ ಜೊತೆಗೆ ಎರಡನೆಯ ಬ್ರೇಕನ್ನೂ ಕಟ್ಟಿದರು. ಹಾಳಾದ ತಂತಿಯ ಬಾಲಕ್ಕೆ ಹಗ್ಗ ಕಟ್ಟಿ ಬಿಟ್ಟರು; ಅವಳಿಗಳು ಅದನ್ನು ಆಚೆಗೆ ಎಳೆದುಕೊಂಡರು. ಆ ಹಗ್ಗದ ಹಿಂದೆ ಹೊಸದು ನಿಧಾನವಾಗಿ ಹೊರಟಿತು. ಗುಡುಗು ಪ್ರತಿ ಸುತ್ತಿಗೂ "ಸರಿ, ಸರಿ" ಎಂದು ಪಿಸುಗುಡುತ್ತಿದ್ದ. ಈ ಸಲ ಎಲ್ಲರೂ ಕಿವಿಗೊಟ್ಟು ಕೇಳಿದರು. ತುದಿಯಲ್ಲಿ ಹೊರಗಿನ ಎಳೆಗಳನ್ನಷ್ಟೇ ಬಿಡಿಸಿ, ತಿರುಳಿಗೆ ಗೀರು ಬೀಳದಂತೆ ಒರೆಸಿ, ಇಂಜಿನಿಯರಮ್ಮ ಹೇಳಿದಷ್ಟೇ ಬಲದಲ್ಲಿ ಕ್ಲ್ಯಾಂಪು ಬಿಗಿದರು. ಕೆಲಸದ ನಡುವೆ ಯಾರಿಗೂ ಕರೆಂಟು ತಾಗದಂತೆ ಮೂರು ತಂತಿಗಳಿಗೂ ಎರಡೂ ದಡದಲ್ಲಿ ಭೂಮಿಗೆ ಸಂಪರ್ಕ ಕೊಟ್ಟರು.

ತೊಟ್ಟಿಲ ಗಾಡಿ ಏರಿಸುವ ಹೊತ್ತಿಗೆ ಮೇಸ್ತ್ರಿ ಅಡ್ಡ ನಿಂತ. "ಮೊದಲು ನಾನು ಹೋಗ್ತೀನಿ."

"ಭಾವ, ನಿಮ್ಮ ಹೊಟ್ಟೆ ಒಂದೇ ಹೋಗ್ಬೇಕು ಅದರಲ್ಲಿ. ನೀವು ಹೊರಗೇ ಉಳೀತೀರಿ."

ಇಂಜಿನಿಯರಮ್ಮನೂ ಇಲ್ಲವೆಂದಳು; ಗಾಡಿಗೆ ಹೊರುವ ಮಿತಿ ಇತ್ತು. ಮೇಸ್ತ್ರಿ ಜೇಡನ ಬೆಲ್ಟಿನ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಮತ್ತೆ ನೋಡಿದ.

"ಬಿಡಿ ಭಾವ. ಮದುವೆ ಗಂಡನ್ನ ಸಿಂಗರಿಸಿದ ಹಾಗಾಯ್ತು."

ಜೇಡ ಹೊರಟ. ಗಾಡಿ ಒಂದೊಂದೇ ಮಾರು ಕಮರಿಯ ಮೇಲೆ ಸರಿಯಿತು. ಒಂದು ಚೆಂಡು. ಎರಡು. ಗಾಳಿ ಬಂದಾಗ ಗಾಡಿ ತೂಗಿತು. ಅವನು ಕೈ ತಡೆದು ಕಾದ. ಮೇಸ್ತ್ರಿಯ ತುಟಿ ಅಲುಗುತ್ತಿತ್ತು. ಅವನ ಪ್ರಾರ್ಥನೆಯಲ್ಲಿ ಮಾತು ಕಡಿಮೆ. ಇವತ್ತು ಒಂದೇ ಹೆಸರಿತ್ತು, ಅದೂ ದೇವರದಲ್ಲ.

ನದಿಯ ನೇರಕ್ಕೆ ಬಂದು ಗಾಡಿ ನಿಂತಿತು. ಮೊದಲ ಹನಿಗಳು ಬಿದ್ದವು. ವಾಕಿಟಾಕಿಯಲ್ಲಿ ಸದ್ದಿಲ್ಲ.

"ಏನಾಯ್ತೋ?" ಎಂದು ಮೇಸ್ತ್ರಿ ಗದರಿದ. "ಲೋ! ಮಾತಾಡೋ!"

"ಏನಿಲ್ಲ ಭಾವ. ಇಲ್ಲಿಂದ ಆಸ್ಪತ್ರೆ ಹಿತ್ತಲು ಕಾಣುತ್ತೆ. ಬಟ್ಟೆ ಒಣಹಾಕಿದ್ದಾರೆ. ಮಳೆ ಬರ್ತಿದೆ, ಯಾರಾದ್ರೂ ತೆಗೀಬಾರ್ದಾ?"

ಅವಳಿಗಳು ಆಸ್ಪತ್ರೆಗೆ ಕೂಗಿ ಹೇಳಿದರಂತೆ. ಯಾರೋ ಓಡಿ ಬಂದು ಬಟ್ಟೆ ಬಾಚಿಕೊಂಡರಂತೆ. ಅದನ್ನೆಲ್ಲ ನೋಡಿದ ಮೇಲೆಯೇ ಜೇಡ ಕೊನೆಯ ಚೆಂಡು ಬಿಗಿದ.

ಅವನು ಹಿಂತಿರುಗಿ ಟವರಿನ ಹತ್ತಿರ ಬಂದಾಗ ಮೇಸ್ತ್ರಿ ಅದರ ತೋಳಿನ ಮೇಲೆ ಬೋರಲು ಮಲಗಿ ಅವನ ಬೆಲ್ಟು ಹಿಡಿದ. ಎಳೆದುಕೊಂಡ. ಕೊಂಡಿ ಟವರಿಗೆ ಬಿತ್ತು. ಆದರೂ ಬಿಡಲಿಲ್ಲ.

"ಬಂದಾಯ್ತಲ್ಲ ಭಾವ. ಬಿಡಿ."

"ಇರು. ಬೆರಳು ಬಿಡ್ತಿಲ್ಲ."

ಭೂಮಿಯ ಸಂಪರ್ಕಗಳನ್ನೆಲ್ಲ ತೆಗೆದು, ಎಲ್ಲರೂ ದೂರ ಸರಿದ ಮೇಲೆ ಇಂಜಿನಿಯರಮ್ಮ ಕರೆಂಟು ಬಿಡಲು ಹೇಳಿದಳು. ತಂತಿಗಳು ಮಳೆಯಲ್ಲಿ ಸಣ್ಣಗೆ ಗುಂಯ್‌ಗುಟ್ಟಿದವು. ವಾಕಿಟಾಕಿಯಲ್ಲಿ ಅವಳಿಗಳು ಒಟ್ಟಿಗೇ ಹೇಳಿದರು: "ಬಂತು!"

ಇಂಜಿನಿಯರಮ್ಮ ಒದ್ದೆ ನಕ್ಷೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೊಳೆಯವರೆಗೆ ನಡೆದರು; ಅಲ್ಲಿಂದ ಟ್ರೇಲರಿನಲ್ಲಿ, ಖಾಲಿ ಡ್ರಮ್ಮಿನ ಪಕ್ಕದಲ್ಲಿ ಕುಳಿತರು. ಮೊದಲ ತಿರುವು ದಾಟುವುದರೊಳಗೆ ಜೇಡ ಮೇಸ್ತ್ರಿಯ ಹೆಗಲಿಗೊರಗಿ ಗೊರಕೆ ಹೊಡೆಯತೊಡಗಿದ್ದ. ಕೆಸರು ಮೆತ್ತಿದ ತಲೆ ಪ್ರತಿ ಗುಂಡಿಗೂ ಮೇಸ್ತ್ರಿಯ ಗದ್ದಕ್ಕೆ ಬಡಿಯುತ್ತಿತ್ತು.

ಗುಡುಗು ಹಿಂದಿರುಗಿ ನೋಡಿ ಪಿಸುಗುಟ್ಟಿದ: "ಎಬ್ಬಿಸಲಾ?"

"ಬೇಡ," ಎಂದ ಮೇಸ್ತ್ರಿ. "ಗಾಡಿ ಮೆಲ್ಲಗೆ ಬಿಡು."