ಗಾಜಿನ ಮೇಲಿನ ಇನ್ನೊಬ್ಬಳು

"ಅದನ್ನ ತಗಿಸಬ್ಯಾಡ್ರಿ, ಸಾಹೇಬ್ರ. ಬೇಕಾದ್ರ ಫೋಟೋನ ಬ್ಯಾಡ."

ಮುದುಕಿ ರಾಮವ್ವನ ಮಾತಿಗೆ ಉಳವಪ್ಪ ನಕ್ಕ. ಪುಣೆಯಲ್ಲಿ ಛಾಯಾಗ್ರಹಣ ಕಲಿತು ಬಂದ ಅವನು ಬೆಟಗೇರಿಯಲ್ಲಿ ಅಂಗಡಿ ತೆರೆದಿದ್ದ. ಕನ್ನಡದ ನಾಡು ಒಂದಾದ ತಿಂಗಳು ಅದು. ಆ ನೆನಪಿಗೆ ಹೆಂಡತಿಯೊಡನೆ ಒಂದು ಚಿತ್ರ ಬೇಕೆಂದು ರಾಮವ್ವನ ಮಗ ಕುಬೇರಪ್ಪ ಅವನನ್ನು ಸಿಂಗಟಾಲೂರಿಗೆ ಕರೆಸಿದ್ದ.

ಹೆಂಡತಿ ಕಳಕವ್ವ ಎರಡನೆಯವಳು. ಮೊದಲನೆಯವಳು ಅವಳ ಅಕ್ಕ ದುರಗವ್ವ; ಹೆರಿಗೆಯಲ್ಲಿ ತೀರಿದ್ದಳು. ಕಳಕವ್ವನ ಕೊರಳಲ್ಲಿ ಸವತಿ ತಾಳಿಯಿತ್ತು: ಸತ್ತವಳ ಮುಖ ಕೊರೆದ ಬೆಳ್ಳಿಯ ಬಿಲ್ಲೆ. ದಿನವೂ ಕುಂಕುಮ ಮೊದಲು ಅದಕ್ಕೆ, ಆಮೇಲೆ ತನಗೆ. ಆ ಬಿಲ್ಲೆ ಬಿಸಿಲಿಗೆ ಮಿಂಚಿ ಕ್ಯಾಮೆರಾದ ಕಣ್ಣು ಕುಕ್ಕುತ್ತಿತ್ತು; ಅದನ್ನು ತೆಗೆಯಲಿ ಎಂದಿದ್ದ ಉಳವಪ್ಪ.

"ಸಾಯೂ ಮುಂದ, ನನ್ನ ಜಾಗಾ ಬಿಡೂದಿಲ್ಲ ಅಂತ ಮಣ್ಣು ತೂರಿ ಹೋದಾಕಿ ಅಕಿ," ಎಂದಳು ರಾಮವ್ವ. "ಮಂತ್ರಗಾರ ಹುಲಗಪ್ಪ ಅಕೀನ್ನ ಆ ಬೆಳ್ಳ್ಯಾಗ ಕಟ್ಟಿ ಕುಂಡ್ರಿಸ್ಯಾನ."

"ಹಂಗಾರ ಇನ್ನೊಂದು ಕುರ್ಚಿ ತರಸವ್ವಾ. ಅಕೀನೂ ಕುಂಡ್ರಲಿ!" ಎಂದ ಉಳವಪ್ಪ.

ಶಹರದವನ ಮುಂದೆ ಕುಬೇರಪ್ಪನಿಗೆ ನಾಚಿಕೆಯಾಯಿತು. "ಒಂದು ಘಳಿಗಿ ತಗಿಯಲ್ಲ," ಎಂದು ಹೆಂಡತಿಯನ್ನು ಗದರಿಸಿದ.

ಕಳಕವ್ವನ ಬೆರಳುಗಳು ನಡುಗಿದವು. ದಾರ ಕಳಚಿತು. ಬಿಲ್ಲೆ ಅತ್ತೆಯ ಅಂಗೈ ಸೇರಿತು. ಎಲ್ಲಿಂದಲೋ ಬಾಣಂತಿ ಕೋಣೆಯ ವಾಸನೆ, ಬಜೆ, ಹೊಗೆ, ಹಳಸಿದ ರಕ್ತ, ಅಂಗಳಕ್ಕೆ ಇಳಿಯಿತು.

ಉಳವಪ್ಪ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಗಾಜಿನಲ್ಲಿ ತಲೆಕೆಳಗಾಗಿ ಇಬ್ಬರು. ಗಂಡನ ಎಡಕ್ಕೆ ಹೆಂಡತಿ. ಬಲಕ್ಕೆ ಬರಿಯ ಗೋಡೆ.

ಮರುದಿನ ಬೆಟಗೇರಿಯ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ ತೊಳೆದ ಗಾಜಿನ ನೆಗೆಟಿವ್ ಪ್ಲೇಟಿನಲ್ಲಿ ಮೂವರಿದ್ದರು. ಗಂಡನ ಎರಡೂ ಬದಿಗೆ ಒಬ್ಬೊಬ್ಬಳು. ಅದೇ ಇಳಕಲ್ ಸೀರೆ, ಅದೇ ಮೂಗು, ತೊಡೆಯ ಮೇಲೆ ಅದೇ ರೀತಿ ಇಟ್ಟ ಕೈ. ಕುಳಿತವಳು ಅಲುಗಿದ್ದರೆ ಆಕೃತಿ ಮಸುಕಾಗಬೇಕಿತ್ತು. ಇಬ್ಬರೂ ಸ್ಪಷ್ಟವಾಗಿದ್ದರು. ಮೊದಲೇ ಒಮ್ಮೆ ಬಳಸಿದ ಪ್ಲೇಟಿರಬೇಕು ಎಂದುಕೊಂಡ. ಆದರೆ ಹೊಸ ಪೆಟ್ಟಿಗೆಯನ್ನು ಒಡೆದವನು ಅವನೇ. ಎರಡಕ್ಕೆ ಏನನ್ನೂ ಕೂಡಿಸದೆ ಮೂರಾಗುವುದಿಲ್ಲ.

ಮಧ್ಯಾಹ್ನ ಇಳಿಯುವಾಗ ಕುಬೇರಪ್ಪ ಏದುಸಿರು ಬಿಡುತ್ತ ಬಂದ.

"ನಿನ್ನಿಯಿಂದ ಕಳಕವ್ವಗ ಖಬರ ಇಲ್ರಿ, ಕಣ್ಣ ತೆರದಿಲ್ಲ. ಮೈ ಕೆಂಡ ಆಗೇತಿ. ಸವತಿ ತಾಳಿ ತಿರಗಿ ಕಟ್ಟಾಕ ಹೋದ್ರ ದಾರ ಸುಟ್ಟು ಬೀಳತೈತಿ. ಹುಲಗಪ್ಪ ಅಂದ, ಬೆಳ್ಳಿ ಖಾಲಿ ಐತಿ, ಅಕಿ ಈಗ ಗಾಜಿನ್ಯಾಗ ಕುಂತಾಳ. ಹೊತ್ತು ಮುಳುಗೂದ್ರಾಗ ಅಕೀನ್ನ ಅಳಸ್ರಿ. ಇಲ್ಲಾಂದ್ರ ನನ್ನ ಹೇಣ್ತಿ ಉಳಿಯೂದಿಲ್ಲ."

ಉಳವಪ್ಪ ನಗಲಿಲ್ಲ. ಪ್ಲೇಟನ್ನು ಬೆಳಕಿಗೆ ಹಿಡಿದ. "ಇವರೊಳಗ ನಿನ್ನ ಕಳಕವ್ವ ಯಾರು?"

"ಮಾರಿ ಕರ್ರಗ, ಕೂದಲ ಬೆಳ್ಳಗ. ಇಬ್ಬರೂ ದೆವ್ವ ಕಂಡಂಗ ಕಾಣ್ತಾರ್ರಿ!" ಕುಬೇರಪ್ಪ ಮುಖ ಮುಚ್ಚಿಕೊಂಡ. "ಸವತಿ ತಾಳಿ ಇದ್ದಿದ್ರ ಗುರ್ತು ಸಿಗತಿತ್ತು."

ಆ ಗುರುತನ್ನು ತೆಗೆಸಿದವನು ಉಳವಪ್ಪ. ಕಾಗದದ ಮೇಲೆ ಅಚ್ಚು ಹಾಕಿ ನೋಡಬಹುದಿತ್ತು. ಕಿಟಕಿಯ ಬಿಸಿಲು ಆಗಲೇ ಕೆಂಪಾಗಿತ್ತು. ಅವನು ತರ್ಕಿಸಿದ: ಕಳಕವ್ವ ಗಂಡನ ಎಡಕ್ಕೆ ಕುಳಿತಿದ್ದಳು, ಚಿತ್ರದಲ್ಲಿ ಅದು ನೋಡುವವನ ಬಲ. ಆದ್ದರಿಂದ ಎಡದ ಹೆಚ್ಚಿನವಳೇ ದುರಗವ್ವ.

ತಿದ್ದುವ ಚಾಕು ಎತ್ತಿದ. ಪ್ಲೇಟಿನ ಚಿತ್ರ ಮೂಡಿದ, ಔಷಧಿ ಬಳಿದ ಬದಿಯನ್ನು ತನ್ನತ್ತ ತಿರುಗಿಸಿದ. ಎಡದವಳ ಕೆನ್ನೆಗೆ ಅಲಗು ಇಟ್ಟ.

ಕೆರೆದ. ಬಜೆಯ ವಾಸನೆ ಬಂತು. ಇನ್ನೂ ಕೆರೆದ. ಅಲಗು ಒದ್ದೆಯಾಯಿತು. ಗಾಜಿನೊಳಗಿಂದ ಸಣ್ಣ ದನಿ.

"ಅಲ್ರೀ... ನಾನ್ರೀ..."

ಕೈ ನಿಂತಿತು.

"ಕೇಳಬ್ಯಾಡ್ರಿ!" ಕುಬೇರಪ್ಪ ಚೀರಿದ. "ದೆವ್ವ ಹಂಗ ಅಂತೈತಿ. ಕೆರೀರಿ!"

ಕೆರೆದ. ಕಣ್ಣು ಹೋಯಿತು. ಬಾಯಿ ಹೋಯಿತು. ದನಿ ಹೋಯಿತು. ಎಡಗಡೆ ಬರಿಯ ಗಾಜು ಉಳಿಯಿತು.

ಕುಬೇರಪ್ಪ ಊರಿಗೆ ಓಡಿದ. ಬೆಳಗ್ಗೆ ಉಳವಪ್ಪ ಅಚ್ಚು ಹಾಕಿದ. ಕಾಗದದ ಮೇಲೆ ಮೊದಲು ಗಂಡ ಮೂಡಿದ. ಆಮೇಲೆ ಹೆಂಗಸು. ಅವಳು ಗಂಡನ ಬಲಕ್ಕೆ ಕುಳಿತಿದ್ದಳು. ಬರಿಯ ಗೋಡೆಯಿದ್ದ ಕಡೆ.

ಔಷಧಿಯ ಬದಿಯಿಂದ ನೋಡಿದಾಗ ಎಡಬಲಗಳು ಕನ್ನಡಿಯಂತೆ ಅದಲುಬದಲಾಗುತ್ತವೆ. ಅದು ಅವನ ಕಸುಬಿನ ಮೊದಲ ಪಾಠ. ಮುಖದ ಕಲೆ, ಸುಕ್ಕು ಕೆರೆಯುವವನಿಗೆ ಅದು ಎಂದೂ ಬೇಕಾಗಿರಲಿಲ್ಲ.

ಅವನು ಸಿಂಗಟಾಲೂರು ಮುಟ್ಟಿದಾಗ ಕುಬೇರಪ್ಪ ಅಂಗಳದಲ್ಲಿ ನಗುತ್ತ ನಿಂತಿದ್ದ. "ಬರ್ರಿ ಬರ್ರಿ! ಅರಾಮ ಆಗ್ಯಾಳ. ಹೊತ್ತು ಮುಳುಗೂದ್ರಾಗ ಎದ್ದು ಕುಂತಳಂತ, ಖರೇನ!"

ಒಳಗಿನಿಂದ ಅವಳು ತಂಬಿಗೆ ತಂದಳು. ಕಳಕವ್ವನ ಮುಖ, ಕಳಕವ್ವನ ಕೈ. ಕೊರಳಲ್ಲಿ ಬಿಲ್ಲೆ ಇರಲಿಲ್ಲ. ಬಂದು ಗಂಡನ ಬಲಕ್ಕೆ ನಿಂತಳು.

"ಕುಂಡ್ರಿ, ಫೋಟೋ ಸಾಹೇಬ್ರ. ನನಗೂ ಕುರ್ಚಿ ತರಸ್ರಿ ಅಂದಿದ್ರಿ," ಎಂದಳು. "ಚಲೋ ಕೈ ನಿಮ್ಮದು."

ಗೋಡೆಗೆ ಒರಗಿ ಕುಳಿತ ರಾಮವ್ವ ಮುಷ್ಟಿ ಬಿಚ್ಚಿ ತೋರಿಸಿದಳು. ಬೆಳ್ಳಿಯ ಬಿಲ್ಲೆಯ ಮೇಲೆ ಮುಖವಿರಲಿಲ್ಲ. ಅಲಗಿನಿಂದ ಕೆರೆದ ಗೀರುಗಳಿದ್ದವು. ಕೆಳಗೆ, ಮೊದಲು ಅಲ್ಲಿರದ, ತೊಡೆಯ ಮೇಲೆ ಇಟ್ಟ ಒಂದು ಕೈ ಮೂಡಿತ್ತು. ಅದರ ಬೆರಳುಗಳು ಇನ್ನೂ ನಡುಗುತ್ತಿದ್ದವು.

ಮೂರರಲ್ಲಿ ಒಂದು ಕಳೆದರೆ ಎರಡು. ಕಳೆದದ್ದು ಯಾವ ಒಂದು ಎಂದು ಲೆಕ್ಕ ಕೇಳುವುದಿಲ್ಲ.